ಗಾಳಿದಾರಿ

ಮಗಳನ್ನು ಬಾಯಿ ಕ್ಯಾನ್ಸರಿನ ವಾರ್ಡಿನ ಕೆಲಸಕ್ಕೆ ಹಾಕಿದ ಮೇಲೆ ಆ ಮನೆಯಲ್ಲಿ ಊಟದ ಹೊತ್ತು ಕೆಟ್ಟಿತು.

ಅದಕ್ಕೂ ಮೊದಲು ಅವಳು ಹೆರಿಗೆ ವಾರ್ಡಿನ ನರ್ಸು. ಸಂಜೆ ಬಂದವಳೇ ಚಪ್ಪಲಿ ಬಿಡುವ ಮೊದಲೇ ಶುರು ಮಾಡುತ್ತಿದ್ದಳು: ಯಾರಿಗೆ ಅವಳಿಯಾಯಿತು, ಯಾವ ಗಂಡ ಹೊರಗೆ ಕಾದು ಕಾದು ಬೆಂಚಿನ ಮೇಲೆ ಗೊರಕೆ ಹೊಡೆದ, ಯಾವ ಅತ್ತೆ ಸೊಸೆಗಿಂತ ಜೋರಾಗಿ ಕೂಗಿದಳು. ಈಗ ಬಂದವಳು ಸೀದಾ ಸ್ನಾನಕ್ಕೆ ಹೋಗುತ್ತಿದ್ದಳು. ಊಟಕ್ಕೆ ಕೂತರೆ ತಟ್ಟೆಯ ಪಕ್ಕದಲ್ಲಿ ಬಿದ್ದ ಮರದ ಪುಡಿಯನ್ನು ಬೆರಳಲ್ಲಿ ಒತ್ತಿ ಎತ್ತಿ ನೋಡುತ್ತಾ ಇರುತ್ತಿದ್ದಳು.

ಮರದ ಪುಡಿ ಆ ಮನೆಗೆ ಹೊಸದಲ್ಲ. ಬೀದಿಯ ಕಡೆಯ ಕೋಣೆಯೇ ಅಪ್ಪನ ಕಾರ್ಖಾನೆ. ತಂಬಾಕು ಸೇದುವ ಮರದ ಪೈಪುಗಳನ್ನು ಕೈಯಲ್ಲಿ ಮಾಡುವುದು ಅವನ ಕಸುಬು. ಬೀದಿಯಲ್ಲಿ ಅವನಿಗೆ ಪೈಪಿನವನು ಎಂದೇ ಹೆಸರು. ನಲ್ಲಿ ಸೋರುತ್ತದೆ ಬನ್ನಿ ಎಂದು ಕರೆಯಲು ಬಂದ ಹೊಸಬರಿಗೆ ಅಜ್ಜಿ, "ಇವನು ನೀರಿನ ಪೈಪಲ್ಲ, ಹೊಗೆಯ ಪೈಪು" ಎಂದು ತಿದ್ದಿ ಕಳಿಸುತ್ತಿದ್ದಳು.

ದೂರದ ಗುಡ್ಡಗಳಲ್ಲಿ ಬೆಳೆಯುವ ಒಂದು ಪೊದೆಯ ಬೇರಿನ ಗಂಟು ಆ ಕೆಲಸಕ್ಕೆ ಬೇಕಾದ ಮರ. ಬೆಂಕಿಗೆ ಬೇಗ ಜಗ್ಗುವುದಿಲ್ಲ. ಕುದಿಸಿ ರಸ ತೆಗೆದು, ವರ್ಷಗಟ್ಟಲೆ ನೆರಳಲ್ಲಿ ಒಣಗಿಸಿದ ತುಂಡುಗಳನ್ನು ಅಪ್ಪ ತರಿಸುತ್ತಿದ್ದ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮರದ ಎಳೆ ಎತ್ತ ಹರಿದಿದೆ ಎಂದು ಕಾಣುತ್ತದೆ. ಅದನ್ನು ನೋಡಿಕೊಂಡು ಪೆನ್ಸಿಲಿನಲ್ಲಿ ಗೆರೆ ಹಾಕಿ, ಮೊದಲು ತಂಬಾಕು ತುಂಬುವ ಬಟ್ಟಲನ್ನು ಕೊರೆಯುತ್ತಿದ್ದ. ಆಮೇಲೆ ಹಿಡಿಯ ತುದಿಯಿಂದ ಬಟ್ಟಲಿನ ತಳಕ್ಕೆ ಸರಿಯಾಗಿ ಬಂದು ಸೇರುವ ಸಣ್ಣ ತೂತು. ಅದನ್ನು ಅವನು ಗಾಳಿದಾರಿ ಎನ್ನುತ್ತಿದ್ದ. ಅದು ತಳಕ್ಕಿಂತ ತುಸು ಮೇಲೆ ಬಂದರೆ ತಂಬಾಕು ಪೂರ್ತಿ ಉರಿಯದೆ ಒದ್ದೆಯಾಗಿ ಉಳಿಯುತ್ತದೆ. ಎರಡೂ ತೂತು ಕೂಡಿದ ಮೇಲೆಯೇ ಅರದಿಂದ ಉಜ್ಜಿ ಆಕಾರ ಕೊಡುವುದು, ಉಪ್ಪುಕಾಗದ, ಕಚ್ಚುವ ಕಡೆಗೆ ಗಟ್ಟಿ ರಬ್ಬರಿನ ಕೊಳವೆ. ಬಣ್ಣ, ಮೇಣದ ಹೊಳಪು, ಹಾಕಿಡುವ ಬಟ್ಟೆಯ ಚೀಲ ಅಮ್ಮನ ಪಾಲು. ಚೀಲಕ್ಕೆ ದಾರ ಪೋಣಿಸುವುದು ಅಜ್ಜಿಯ ಪಾಲು. ಅಪ್ಪ ಮಾತ್ರ ಒಂದು ದಿನವೂ ಸೇದಿದವನಲ್ಲ. ಹೊಗೆ ಕಂಡರೆ ಅವನಿಗೆ ಕೆಮ್ಮು.

ಒಂದು ಸಂಜೆ ಅಪ್ಪ ಖುಷಿಯಲ್ಲಿದ್ದ. ಅಂದು ಹಿಡಿದ ತುಂಡಿನಲ್ಲಿ ಎಳೆಗಳು ಬಾಚಿದ ಕೂದಲಿನಂತೆ ನೇರ ಮೇಲೆದ್ದಿದ್ದವು. ಅದನ್ನೇ ಹೇಳುತ್ತಾ ಅನ್ನ ಕಲಸುತ್ತಿದ್ದ. ಮಗಳು ನಡುವೆ ಬಾಯಿ ಹಾಕಿ, ಇವತ್ತು ಒಬ್ಬರಿಗೆ ಮೂಗಿನ ನಳಿಗೆಯಲ್ಲಿ ಗಂಜಿ ಹಾಕಿದೆ ಎಂದಳು. ಅವರ ಅರ್ಧ ನಾಲಿಗೆ ತೆಗೆದಿದ್ದಾರೆ, ಹಾಸಿಗೆ ಸರಿಮಾಡುವಾಗ ದಿಂಬಿನಡಿ ಒಂದು ಪೈಪು ಸಿಕ್ಕಿತು ಎಂದಳು.

"ಕೈಯಲ್ಲಿ ಮಾಡಿದ್ದೋ, ಫ್ಯಾಕ್ಟರೀದೋ?" ಅಂದ ಅಪ್ಪ.

ಕೇಳಿದ ಮೇಲೆ ಅವನಿಗೇ ಹೇಗೋ ಆಯಿತು. ಆದರೆ ಮಾತು ಆಡಿಯಾಗಿತ್ತು. ಮಗಳು ತಟ್ಟೆ ಸರಿಸಿದಳು.

"ನಾನು ತಂಬಾಕು ಮಾರಲ್ಲ. ಮರ ಕೆತ್ತೋದಷ್ಟೇ ನನ್ನ ಕೆಲಸ," ಅಂದ ಅಪ್ಪ.

"ಆ ಮರದಲ್ಲಿ ಜನ ಏನು ಮಾಡ್ತಾರೆ, ಹಾಲು ಕಾಯಿಸ್ತಾರಾ?"

"ನಿನ್ನ ನರ್ಸಿಂಗ್ ಓದು ಅದರಿಂದಲೇ ಬಂತು. ನೆನಪಿರಲಿ."

"ನೆನಪಿದೆ. ಅದಕ್ಕೇ ಗಂಟಲಲ್ಲಿ ಇಳೀತಿಲ್ಲ."

ಅವಳು ಎದ್ದು ಮೇಲಿನ ಕೋಣೆಗೆ ಹೋದಳು. ಅಜ್ಜಿ, ಕೂಸು ಹುಟ್ಟೋ ವಾರ್ಡಿಗೇ ಮತ್ತೆ ಹಾಕಿಸಿಕೋ ಅಂತ ಹೇಳಬಾರದೇನೋ ಎಂದು ಮಗನಿಗೆ ಹೇಳಿದಳು. ಅಪ್ಪ ಕೈ ತೊಳೆದವನು ಟವೆಲ್ಲಿಗೆ ಒರೆಸಿಕೊಳ್ಳದೆ ಕಾರ್ಖಾನೆಗೆ ಹೋಗಿ ಮೋಟಾರು ಹಾಕಿದ.

ಮಾರನೆಯ ವಾರ ಮಗಳು ಒಂದು ಸಣ್ಣ ಕರೆಂಟು ಒಲೆ ಕೊಂಡು ತಂದಳು. ತನ್ನ ಸಂಬಳದಲ್ಲಿ ತಾನು ತಿನ್ನುತ್ತೇನೆ, ಯಾರ ಮೇಲೂ ಸಿಟ್ಟಿಲ್ಲ ಎಂದು ಅಮ್ಮನಿಗೆ ಹೇಳಿ ಮಹಡಿಯ ಕೋಣೆಯಲ್ಲಿ ಅದನ್ನು ಇಟ್ಟಳು. ಬೆಳಿಗ್ಗೆ ಮೊಟ್ಟೆ, ಬ್ರೆಡ್ಡು. ಸಂಜೆ ಆಲೂಗಡ್ಡೆ ಬೇಯಿಸಿ ಅನ್ನ. ಅಮ್ಮನಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಒಂದು ಬಟ್ಟಲಲ್ಲಿ ಪಲ್ಯ ಹಿಡಿದು ಮೆಟ್ಟಿಲು ಹತ್ತುವಳು, ಅದು ಹಾಗೇ ವಾಪಸು ಬರುವುದು. ಮೇಲೆ ಪಾತ್ರೆಯ ಸದ್ದಾದರೆ ಕೆಳಗೆ ಇವಳ ಕೈ ನಿಲ್ಲುವುದು. ಮೇಣದ ಹೊಳಪು ಕೊಡುತ್ತಾ ಒಂದೇ ಕಡೆ ತಿಕ್ಕಿ ತಿಕ್ಕಿ ಬಣ್ಣವೇ ಹೋಗಿ ಅಪ್ಪನಿಂದ ಬೈಸಿಕೊಂಡಳು.

"ಬೈಬೇಡ. ಇಬ್ಬರ ನಡುವೆ ಮೆಟ್ಟಿಲು ಹತ್ತಿ ಇಳಿದು ನನ್ನ ಮೊಣಕಾಲು ಹೋಯ್ತು," ಅಂದಳು ಅಮ್ಮ.

"ನಾನು ಹತ್ತು ಅಂದ್ನಾ?"

"ಇಳಿದು ಬಾ ಅಂತ ಅವಳಿಗೂ ನೀನು ಅನ್ನಲಿಲ್ಲವಲ್ಲ."

ಅಪ್ಪ ಅನ್ನಲಿಲ್ಲ. ಅವಳು ಕೆಲಸಕ್ಕೆ ಹೊರಡುವ ಹೊತ್ತಿಗೆ ಸರಿಯಾಗಿ ಮರ ಕೊಯ್ಯುವ ಯಂತ್ರ ಹಾಕುತ್ತಿದ್ದ. ಮಾತಾಡಿದರೂ ಕೇಳಿಸಬಾರದು ಎನ್ನುವಂತೆ. ಅಜ್ಜಿ ಮಾತ್ರ ಎರಡೂ ಕಡೆ ಉಂಡಳು. ಮೊಮ್ಮಗಳ ಮೊಟ್ಟೆ, ಸೊಸೆಯ ಪಲ್ಯ ಎರಡೂ ಚೆನ್ನಾಗಿವೆ, ಇನ್ನೊಂದೆರಡು ಒಲೆ ಬಂದರೂ ನನಗೆ ನಷ್ಟವಿಲ್ಲ ಎಂದಳು. ಯಾರೂ ನಗಲಿಲ್ಲ.

ಆ ದಿನಗಳಲ್ಲೇ ವಾರ್ಡಿಗೆ ಬೋರ್ಡಿನವರು ರೋಗಿಯಾಗಿ ಬಂದರು.

ಅಂಗಡಿಗಳ ಬೋರ್ಡು ಬರೆಯುವುದು ಅವರ ಕೆಲಸ. ಅಚ್ಚು ಹಾಕಿದ ಪ್ಲಾಸ್ಟಿಕ್ ಬೋರ್ಡುಗಳು ಬಂದ ಮೇಲೂ ಬೇಕರಿ, ಕ್ಷೌರದಂಗಡಿ, ಬೀಗದ ಅಂಗಡಿಯವರು ಅವರ ಕೈಯ ಅಕ್ಷರವೇ ಬೇಕೆನ್ನುತ್ತಿದ್ದರು. ಒಂದು ಕೈಯಲ್ಲಿ ಬ್ರಷ್ಷು, ಇನ್ನೊಂದರಲ್ಲಿ ಕೈ ಊರಲು ಕೋಲು, ಹಲ್ಲಿನ ನಡುವೆ ಅಪ್ಪ ಮಾಡಿಕೊಟ್ಟ ಪೈಪು. ಆಸ್ಪತ್ರೆಯ ಗೇಟಿನಲ್ಲಿ 'ಇಲ್ಲಿ ಹೊಗೆ ಸೇದಬಾರದು' ಎಂಬ ಬೋರ್ಡನ್ನೂ ಅವರೇ, ಪೈಪು ಕಚ್ಚಿಕೊಂಡೇ, ಬರೆದಿದ್ದರು. ಅಪ್ಪನ ಮೊದಲ ಗಿರಾಕಿ ಅವರು. ಮಗಳು ಚಿಕ್ಕವಳಿದ್ದಾಗ ಅವಳ ಸ್ಲೇಟಿನ ಮೇಲೆ ಅಕ್ಷರ ತಿದ್ದಿಸಿದವರೂ ಅವರೇ. ಅವರನ್ನು ಅವಳು ಮಾವ ಎನ್ನುತ್ತಿದ್ದಳು.

ಎಡ ದವಡೆಯಲ್ಲಿ ಹುಣ್ಣು ಆಳಕ್ಕೆ ಇಳಿದಿತ್ತು. ಆಪರೇಷನ್ನಿನ ಹಿಂದಿನ ದಿನ ಅವರು ಅವಳ ಕೈ ಹಿಡಿದು, ಅಪ್ಪನಿಗೆ ಹೇಳಬೇಡ ಎಂದರು. ಗೊತ್ತಾದರೆ ಅವನು ಸುಮ್ಮನೆ ತನ್ನ ತಲೆಗೆ ಹಚ್ಚಿಕೊಳ್ಳುತ್ತಾನೆ, ಸೇದಿದವನು ನಾನು ತಾನೆ ಎಂದರು. ಅವಳು ಹೇಳುವುದಿಲ್ಲ ಎಂದು ಮಾತು ಕೊಟ್ಟಳು. ಎಡ ದವಡೆಯ ಅರ್ಧವನ್ನು, ಆ ಕಡೆಯ ಹಲ್ಲುಗಳ ಸಮೇತ ತೆಗೆದರು. ಮುಖದ ಒಂದು ಪಕ್ಕ ಒಳಗೆ ಹೋಯಿತು. ಆಮೇಲೆ ಕಿರಣ ಕೊಡುವುದು ಶುರುವಾಯಿತು. ದಿನವೂ ಸಂಜೆ ಡ್ಯೂಟಿ ಮುಗಿಸಿ ಮನೆಗೆ ಬಂದು, ಕಾರ್ಖಾನೆಯ ಬಾಗಿಲಿನ ಮುಂದೆಯೇ ಹಾದು ಮೆಟ್ಟಿಲು ಹತ್ತುವುದು ಅವಳಿಗೆ ಕಷ್ಟವಾಯಿತು.

ಮಾತು ತಿರುಗತೊಡಗಿದ ಮೇಲೆ ಬೋರ್ಡಿನವರು ಕೇಳಿದ ಮೊದಲ ವಸ್ತು ಪೈಪು. ತೊದಲಿದಂತೆ, ಅರ್ಧ ನುಂಗಿದಂತೆ ಬರುತ್ತಿದ್ದ ಅವರ ಮಾತು ಅವಳಿಗೆ ರೂಢಿಯಾಗಿತ್ತು.

"ಹಳೇದು ಭಾರ. ಬಲಗಡೆ ಉಳಿದ ಹಲ್ಲಿಗೆ ತಡೆಯಲ್ಲ. ಹಗುರದ್ದೊಂದು ಮಾಡಿಸಿಕೊಡು."

"ಮಾವ, ನೀವು ಏನು ಕೇಳ್ತಿದ್ದೀರಿ ಗೊತ್ತಾ?"

"ಗೊತ್ತು. ಹಲ್ಲಿನ ನಡುವೆ ಅದಿಲ್ಲದಿದ್ರೆ ಗೆರೆ ಅಲ್ಲಾಡತ್ತೆ ಪುಟ್ಟಿ. ನಿನ್ನೆ ಪೆನ್ಸಿಲ್ ಹಿಡಿದು ನೋಡಿದೆ."

ಅವಳು ಆಗುವುದಿಲ್ಲ ಎಂದಳು. ಅಪ್ಪನಿಗೆ ಹೇಳುವ ಪ್ರಶ್ನೆಯೇ ಇಲ್ಲ, ನೀವೇ ತಾನೆ ಹೇಳಬೇಡ ಎಂದದ್ದು ಎಂದಳು. ಅವರು ಗೋಡೆಯ ಕಡೆ ತಿರುಗಿ ಮಲಗಿದರು.

ಇತ್ತ ಅಪ್ಪ ಕಾಯುತ್ತಿದ್ದ. ಬೋರ್ಡಿನವರು ಪೈಪಿನ ಕೊಳವೆ ಶುಚಿ ಮಾಡಿಸಲು ಬರುವ ಕಾಲ ಕಳೆದು ಹೋಗಿತ್ತು. ಅವರ ಮನೆಗೆ ಎರಡು ಸಲ ಹೋಗಿ ಬೀಗ ನೋಡಿ ಬಂದ. ನನಗಿಂತ ಅಗ್ಗಕ್ಕೆ ಯಾರೋ ಸಿಕ್ಕಿರಬೇಕು, ಇಷ್ಟು ವರ್ಷದ ಸ್ನೇಹಕ್ಕೆ ಒಂದು ಮಾತು ಹೇಳಿ ಹೋಗಬಾರದೇ ಎಂದು ಊಟಕ್ಕೆ ಕೂತಾಗಲೆಲ್ಲ ಗೊಣಗಿದ. ಮೇಲಿನಿಂದ ನೀರು ಹಿಡಿಯಲು ಇಳಿದು ಬಂದ ಮಗಳು ಅದನ್ನು ಕೇಳಿ ಕೊಡ ಅರ್ಧ ತುಂಬುವ ಮೊದಲೇ ಎತ್ತಿಕೊಂಡು ಹೋದಳು. ಅಮ್ಮ ನೋಡಿದಳು.

ಮಾರನೆಯ ದಿನ ಅಮ್ಮ ಮಹಡಿಗೆ ಹೋದಾಗ ಕೈಯಲ್ಲಿ ಬಟ್ಟಲಿರಲಿಲ್ಲ. ಬಾಗಿಲು ಹಾಕಿಕೊಂಡು ಮಂಚದ ಮೇಲೆ ಕೂತಳು. ನಿನಗೆ ಸುಳ್ಳು ಹೇಳಲು ಬರುವುದಿಲ್ಲ, ಏನಿದ್ದರೂ ಹೇಳು ಎಂದಳು. ಮಗಳು ಹೇಳಿದಳು. ಹೇಳಿದ ಮೇಲೆ ಇಬ್ಬರೂ ಅತ್ತರು. ಅಪ್ಪನಿಗೆ ತಿಳಿಸುವುದು ಹೇಗೆ ಎಂದು ಮಾತಾಡಿಕೊಳ್ಳುತ್ತಿರುವಾಗಲೇ ಅಪ್ಪ ಬಾಗಿಲು ತಳ್ಳಿದ. ಮೋಟಾರು ನಿಂತದ್ದು ಇಬ್ಬರಿಗೂ ತಿಳಿದಿರಲಿಲ್ಲ.

"ಗೊತ್ತಿದ್ದೂ ದಿನಾ ನನ್ನ ಮುಂದೆ ಓಡಾಡಿದ್ಯಲ್ಲ," ಅಂದ.

"ಅವರೇ ಬೇಡ ಅಂದ್ರು."

"ನಾನು ಅವನನ್ನ ದಿನಾ ಊಟಕ್ಕೆ ಕೂತು ಬೈದೆ. ಆಗಲೂ ಬಾಯಿ ಬಿಡಲಿಲ್ಲ."

"ಬಿಟ್ಟು ಏನು ಹೇಳಲಿ ಅಪ್ಪ? ಪೈಪು ಕಚ್ಚುತ್ತಿದ್ದ ಕಡೆಯೇ ದವಡೆ ತೆಗೆದಿದ್ದಾರೆ ಅಂತ ಹೇಳಲಾ?"

ಅಮ್ಮ ಮಗಳ ತೋಳು ಹಿಡಿದು ಅಲುಗಿಸಿದಳು. ಅಪ್ಪ ಮೆಟ್ಟಿಲ ಕಡೆ ತಿರುಗಿದ. ಇಳಿಯುವಾಗ ಗೋಡೆಗೆ ಕೈ ಕೊಟ್ಟುಕೊಂಡು ಇಳಿದ.

ಆಸ್ಪತ್ರೆಗೆ ಹೋದ ಮೊದಲ ದಿನ ಗೇಟಿನವರೆಗೆ ಹೋಗಿ ತಿರುಗಿ ಬಂದ. ಎರಡನೆಯ ದಿನ ಒಳಗೆ ಹೋದ. ಹಾಸಿಗೆಯ ಪಕ್ಕದ ಸ್ಟೂಲಿನಲ್ಲಿ ಕೂತು ಗೆಳೆಯನ ಮುಖವನ್ನು ನೋಡಿದ. ನೋಡದಿರಲು ಕಿಟಕಿಯನ್ನು ನೋಡಿದ. ಮಗಳು ದೂರದಿಂದ ಔಷಧಿಯ ಗಾಡಿ ತಳ್ಳುತ್ತಾ ಗಮನಿಸುತ್ತಿದ್ದಳು. ಅವರಿಬ್ಬರೂ ಕಾಯಿಲೆಯ ಮಾತನ್ನೇ ಎತ್ತಲಿಲ್ಲ. ಬೇಕರಿಯವನು ಹೊಸ ಬೋರ್ಡಿಗೆ ಆರ್ಡರು ಕೊಟ್ಟದ್ದು, ಈ ಸಲ ಬಂದ ಮರದಲ್ಲಿ ಒಳಗೆಲ್ಲ ಮರಳಿನ ಕಲ್ಲು ಸಿಕ್ಕಿದ್ದು ಮಾತಾಡಿದರು. ಆಮೇಲೆ ಬೋರ್ಡಿನವರು ಹಗುರದ ಪೈಪನ್ನು ಕೇಳಿದರು. ಅಪ್ಪ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡು, "ಬಲಗಡೆ ಹಲ್ಲು ಎಷ್ಟಿವೆ, ತೋರಿಸು" ಎಂದ. ಮಾರನೆಯ ದಿನ ಒಂದು ಮೇಣದ ಉಂಡೆ ತಂದು ಕಚ್ಚಿಸಿ, ಹಲ್ಲಿನ ಗುರುತು ತೆಗೆದುಕೊಂಡು ಹೋದ.

ಆ ಸಂಜೆ ಮಗಳು ಮೊದಲ ಸಲ ತಾನಾಗಿ ಕಾರ್ಖಾನೆಯ ಬಾಗಿಲಿಗೆ ಬಂದಳು. ನಿಜವಾಗಿ ಮಾಡಿಕೊಡುತ್ತೀಯಾ ಎಂದು ಕೇಳಿದಳು. ಅವನು ಬಾಯಿಬಿಟ್ಟು ಕೇಳಿದಾಗ ಇಲ್ಲ ಎನ್ನಲು ಆಗಲಿಲ್ಲ ಎಂದ ಅಪ್ಪ. ಹಾಗಾದರೆ ನಾನು ಆಸ್ಪತ್ರೆಯ ಹಾಸ್ಟೆಲಿಗೆ ಹೋಗುತ್ತೇನೆ, ಒಂದು ಕೈಯಲ್ಲಿ ಗಾಯ ಕಟ್ಟಿ ಇನ್ನೊಂದು ಕೈಯಲ್ಲಿ ಇದನ್ನು ಕೊಟ್ಟ ಮನೆಯಲ್ಲಿ ಇರಲಾರೆ ಎಂದಳು ಅವಳು. ಅಪ್ಪ ಮರದ ತುಂಡನ್ನು ತಿರುಗಿಸಿ ನೋಡುತ್ತಲೇ ಇದ್ದ. ಹಿಂದಿನಿಂದ ಅಜ್ಜಿ, ಒಬ್ಬರಾದರೂ ಕೂತುಕೊಂಡು ಮಾತಾಡಬಾರದಾ, ಈ ಮನೆಯಲ್ಲಿ ಎಲ್ಲರೂ ಬಸ್ಸಿಗೆ ಕಾದವರ ಹಾಗೆ ನಿಂತೇ ಇರುತ್ತೀರಿ ಎಂದಳು.

ಅಪ್ಪ ಬೇರೆ ಎಲ್ಲ ಕೆಲಸ ನಿಲ್ಲಿಸಿದ. ಒಪ್ಪಿಕೊಂಡ ಪೈಪುಗಳು ಅರೆಬರೆ ಬಿದ್ದವು. ಅಂಗಡಿಯವರು ಫೋನು ಮಾಡಿದರೆ ಅಮ್ಮ ಏನೇನೋ ಸಬೂಬು ಹೇಳಿ, ಇದ್ದದ್ದರಲ್ಲಿ ಸಂಸಾರ ಎಳೆದಳು. ಕೂಡಿಟ್ಟ ತುಂಡುಗಳಲ್ಲಿ ಅತ್ಯಂತ ಒಣಗಿದ್ದು, ಹಗುರವಾದದ್ದು ಆರಿಸಿದ. ಕೊಳವೆ ನೇರವಾಗಿದ್ದರೆ ಭಾರವೆಲ್ಲ ಹಲ್ಲಿನ ಮೇಲೆ ಬೀಳುತ್ತದೆ, ಬಾಗಿದ್ದರೆ ಬಟ್ಟಲು ಗಲ್ಲದ ಕೆಳಗೆ ತೂಗಿ ದವಡೆಗೆ ಆರಾಮ ಎಂದು ಅಮ್ಮನಿಗೆ ತೋರಿಸಿದ. ರಬ್ಬರಿನ ಕೊಳವೆಯನ್ನು ದೀಪದ ಬಿಸಿಗೆ ಹಿಡಿದು ಮೆತ್ತಗಾದಾಗ ಬಗ್ಗಿಸಿ, ಒದ್ದೆ ಬಟ್ಟೆಯಲ್ಲಿ ತಣಿಸಿದ. ಮೇಣದ ಗುರುತಿಗೆ ಹೊಂದುವಂತೆ ಕಚ್ಚುವ ತುದಿಯನ್ನು ಅಗಲವಾಗಿ, ತೆಳ್ಳಗೆ ಉಜ್ಜಿದ. ಬಟ್ಟಲಿನ ಗೋಡೆಯನ್ನು ಎಷ್ಟು ತೆಳ್ಳಗೆ ಮಾಡಬಹುದೋ ಅಷ್ಟು ಮಾಡಿ, ಅಕ್ಕಿ ತೂಗುವ ತಕ್ಕಡಿಯಲ್ಲಿ ತೂಗಿ, ಮತ್ತೆ ಉಜ್ಜಿದ. ಬಣ್ಣ ಬೇಡ ಎಂದ. ಅಮ್ಮ ಬರೀ ಮೇಣ ಹಚ್ಚಿ ಹೊಳಪು ತಂದಳು. ಆ ಕೈಯಿಂದ ಅದುವರೆಗೆ ಅಷ್ಟು ಚೆಂದದ ಪೈಪು ಬಂದಿರಲಿಲ್ಲ ಎಂದು ಆಮೇಲೂ ಅವಳು ಹೇಳುತ್ತಿದ್ದಳು.

ತಲುಪಿಸುವುದು ಯಾರು ಎಂದು ಮತ್ತೆ ಮಾತಾಯಿತು. ಮಗಳು ಮುಟ್ಟುವುದಿಲ್ಲ ಎಂದಳು; ಅವಳ ಬಟ್ಟೆಯ ಪೆಟ್ಟಿಗೆ ಕಟ್ಟಿ ಮೆಟ್ಟಿಲ ಬಳಿಗೆ ಬಂದಿತ್ತು. ಅಪ್ಪ ಏನೋ ನೆವ ಹೇಳಿ ಹೋಗಲಿಲ್ಲ. ಕೊನೆಗೆ ಅಮ್ಮ ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ಕೊಟ್ಟು ಬಂದಳು. ಬೋರ್ಡಿನವರು ಅದನ್ನು ಕೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚಿದರಂತೆ.

ಅದೇ ವಾರ ಅವರ ಸ್ಕ್ಯಾನಿನ ಫಲಿತಾಂಶ ಬಂತು. ಕಾಯಿಲೆ ಎದೆಗೂ ಇಳಿದಿತ್ತು. ಇನ್ನು ಮಾಡುವುದೇನಿಲ್ಲ, ನೋವಿಗೆ ಔಷಧಿ ಬರೆದು ಮನೆಗೆ ಕಳಿಸಿ ಎಂದು ದೊಡ್ಡ ಡಾಕ್ಟರು ಹೇಳಿ ಹೋದರು. ಮಗಳು ಅವರ ಸಾಮಾನು ಕಟ್ಟಲು ಹೋದಾಗ ಅವರು ಪೈಪನ್ನು ಅವಳ ಕೈಗಿಟ್ಟರು.

"ಇದನ್ನ ನಿಮ್ಮಪ್ಪನಿಗೆ ವಾಪಸು ಕೊಡು. ಊದಿ ನೋಡು."

ಅವಳು ಕೊಳವೆಯನ್ನು ಊದಿದಳು. ಗಾಳಿ ಹೋಗಲಿಲ್ಲ. ಬಟ್ಟಲಿನೊಳಗೆ ಬೆರಳು ಹಾಕಿದಳು, ತಳ ನುಣ್ಣಗಿತ್ತು. ಬಟ್ಟಲೂ ಇತ್ತು, ಕೊಳವೆಯ ತೂತೂ ಇತ್ತು, ಎರಡೂ ಕೂಡುವ ಜಾಗದಲ್ಲಿ ಮಾತ್ರ ಅಪ್ಪ ಉಗುರಿನಷ್ಟು ಮರ ಬಿಟ್ಟಿದ್ದ.

"ನಾನು ಹೆಂಡದಂಗಡಿಗೂ ಬೋರ್ಡು ಬರೆದೆ, ಆಸ್ಪತ್ರೆಗೂ ಬರೆದೆ," ಎಂದರು ಬೋರ್ಡಿನವರು. ಒಂದೊಂದು ಮಾತಿಗೂ ಎಂಜಲು ಒರೆಸಿಕೊಳ್ಳುತ್ತಿದ್ದರು. "ನನಗೆ ಇಷ್ಟ ಇಲ್ಲ ಅಂತ ಒಂದು ಅಕ್ಷರ ಬಿಟ್ಟು ಕೊಟ್ಟೆನಾ? ಹಚ್ಚೋದು ಬಿಡೋದು ನನ್ನ ಲೆಕ್ಕ. ಮಗು ಬಾಯಿಗೆ ರಬ್ಬರ್ ನಿಪ್ಪಲ್ ಕೊಟ್ಟ ಹಾಗೆ ಕೊಟ್ಟಿದ್ದಾನೆ."

"ಅಪ್ಪ ನಿಮ್ಮ ಒಳ್ಳೇದಕ್ಕೇ ಮಾಡಿದ್ದಾರೆ ಮಾವ."

"ಎಲ್ಲರೂ ನನ್ನ ಒಳ್ಳೇದಕ್ಕೇ ಮಾಡ್ತಿದ್ದೀರಿ. ಏನು ನುಂಗಬೇಕು, ಯಾವಾಗ ಮಲಗಬೇಕು. ನನ್ನನ್ನ ಯಾರೂ ಕೇಳಲ್ಲ."

ಅವಳು ಮನೆಗೆ ಬಂದಾಗ ಅಪ್ಪ ಹೊಸ್ತಿಲಲ್ಲಿ ಉಳಿ ಮಸೆಯುತ್ತಿದ್ದ. ಅವಳು ಪೈಪನ್ನು ಎದುರಿಗೆ ಹಿಡಿದಳು. ಅವನ ಕೈ ನಿಂತಿತು.

"ಕಂಡುಹಿಡಿದನಾ?"

"ಹಲ್ಲಿಗೆ ಇಟ್ಟ ತಕ್ಷಣ."

ಅಪ್ಪ ಒಳಗೆ ಹೋಗಿ ಕೂತ. ಕೊರೆಯಲು ಹೋದದ್ದು ನಿಜ ಎಂದ. ಕೊನೆಗೆ ಉಗುರಿನಷ್ಟು ಉಳಿದಾಗ ಕೈ ಮುಂದೆ ಹೋಗಲಿಲ್ಲ, ಹಾಗೇ ಬಿಟ್ಟು ಕಳಿಸಿದೆ ಎಂದ. ಜೀವಮಾನದಲ್ಲಿ ಹೊಗೆ ಎಳೆಯದ ಪೈಪು ಕೊಟ್ಟದ್ದು ಅವನೊಬ್ಬನಿಗೇ ಎಂದ. ಅದನ್ನು ಡಬ್ಬಿಯಲ್ಲಿ ಹಾಕಿ ಇಡು, ಇನ್ನು ಈ ಮಾತು ಬೇಡ ಎಂದ.

"ತೂತು ಹಾಕು ಅಪ್ಪ," ಅಂದಳು ಮಗಳು.

ಅಡಿಗೆಮನೆಯಿಂದ ಅಮ್ಮ ಹೊರಗೆ ಬಂದಳು. ಅಪ್ಪ ಮಗಳ ಮುಖ ನೋಡಿದ.

"ನೀನು ಹೇಳ್ತಿದ್ದೀಯಾ ಇದನ್ನ?"

"ನಾಳೆ ಮನೆಗೆ ಕಳಿಸ್ತಾರೆ. ಇನ್ನು ಔಷಧಿ ನೋವಿಗಷ್ಟೇ. ಎದೆಗೆ ಹೋಗಿದೆ."

ಅದು ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಅಜ್ಜಿ ದಾರ ಪೋಣಿಸುತ್ತಿದ್ದ ಸೂಜಿಯನ್ನು ಚೀಲಕ್ಕೆ ಚುಚ್ಚಿಟ್ಟಳು. ಅಪ್ಪ ಎದ್ದು ಸಣ್ಣ ಕೈಬೈರಿಗೆ ತೆಗೆದ. ಮೋಟಾರಿನಲ್ಲಿ ಬೇಡ, ಒಂದು ಕೂದಲು ಹೆಚ್ಚಾದರೂ ಅಷ್ಟು ತೆಳ್ಳಗಿನ ಗೋಡೆ ಸೀಳುತ್ತದೆ ಎಂದ. ಕೊಳವೆಯನ್ನು ಬಿಚ್ಚಿ ಪಕ್ಕಕ್ಕಿಟ್ಟ. ಮೇಣ ಹಚ್ಚಿ ಮುಗಿದ ಮರವನ್ನು ಇಕ್ಕಳಕ್ಕೆ ಸಿಕ್ಕಿಸಿದರೆ ಗುರುತು ಬೀಳುತ್ತದೆ. ಯಾರಾದರೂ ಕೈಯಲ್ಲಿ ಹಿಡಿಯಬೇಕು. ಅಮ್ಮ ಕೈ ಒರೆಸಿಕೊಂಡು ಮುಂದೆ ಬಂದಳು. ಅಷ್ಟರಲ್ಲಿ ಮಗಳು ಬಟ್ಟೆಯ ತುಂಡಿನಲ್ಲಿ ಬಟ್ಟಲನ್ನು ಹಿಡಿದು ಕಿಟಕಿಯ ಬೆಳಕಿಗೆ ನಿಂತಿದ್ದಳು.

"ತಳ ನೋಡ್ತಾ ಇರು. ತುದಿ ಕಂಡ ತಕ್ಷಣ ಹೇಳು."

ಬೈರಿಗೆ ನಿಧಾನವಾಗಿ ತಿರುಗಿತು. ಅಪ್ಪ ನಿಲ್ಲಿಸಿ, ಪಂಚೆಗೆ ಕೈ ಒರೆಸಿ, ಮತ್ತೆ ಹಿಡಿದ. ಅವಳು ಬಟ್ಟಲಿನೊಳಗೆ ಕಣ್ಣಿಟ್ಟಿದ್ದಳು. ನುಣ್ಣನೆಯ ತಳದಲ್ಲಿ ಮೊದಲು ಒಂದು ಚುಕ್ಕಿ ಉಬ್ಬಿತು, ಆಮೇಲೆ ಪುಡಿ ಉದುರಿ ಕಬ್ಬಿಣದ ತುದಿ ಮಿನುಗಿತು.

"ಬಂತು."

ತೂತು ತಳಕ್ಕೆ ಸರಿಯಾಗಿ, ನಡುವೆಯೇ ತೆರೆದಿತ್ತು. ಅಪ್ಪ ಪುಡಿ ಕೊಡವಿ ಕೊಳವೆ ಸೇರಿಸಿದ. ಎಳೆದು ನೋಡುವುದು ಯಾವಾಗಲೂ ಅವನೇ. ಬಾಯಿಗೆ ಇಟ್ಟುಕೊಂಡ, ಆದರೆ ಅವನ ಉಸಿರು ನೆಟ್ಟಗಿರಲಿಲ್ಲ. ತುದಿಯನ್ನು ಒರೆಸಿ ಮಗಳ ಕಡೆ ಹಿಡಿದ. ಅವಳು ತೆಗೆದುಕೊಂಡು, ಹಲ್ಲಿನ ನಡುವೆ ಇಟ್ಟು, ಎಳೆದಳು. ಮರದ, ಮೇಣದ ವಾಸನೆಯ ತಣ್ಣನೆ ಗಾಳಿ ಬಾಯಿಗೆ ಬಂತು.

"ಸಲೀಸಾಗಿ ಬರ್ತಿದೆ," ಅಂದಳು.

ಬೋರ್ಡಿನವರು ಮನೆಗೆ ಬಂದ ಎರಡು ದಿನಕ್ಕೆ ಅಪ್ಪನೂ ಮಗಳೂ ಒಟ್ಟಿಗೆ ಹೋದರು. ಅವರ ತಂಗಿ ಬಂದು ಮನೆ ನೋಡಿಕೊಳ್ಳುತ್ತಿದ್ದಳು. ಹಿತ್ತಿಲಿನ ಬಿಸಿಲಿನಲ್ಲಿ, ಬೇಕರಿಯ ಅರ್ಧ ಬರೆದ ಬೋರ್ಡಿನ ಮುಂದೆ, ಅವರು ದಿಂಬಿಗೆ ಒರಗಿ ಕೂತಿದ್ದರು. ಪೈಪನ್ನು ಕೈಗೆ ತೆಗೆದುಕೊಂಡು ಊದಿದರು. ಒಮ್ಮೆ ಅಪ್ಪನ ಕಡೆ ನೋಡಿ ತಲೆಯಾಡಿಸಿದರು. ಡಬ್ಬಿಯಿಂದ ತಂಬಾಕು ತೆಗೆದು ಹೆಬ್ಬೆರಳಲ್ಲಿ ಒತ್ತಿ ತುಂಬಿದರು. ಮಗಳು ತೊಳೆಯುವ ಕಲ್ಲಿನ ಕಡೆ ತಿರುಗಿ ನಿಂತಳು. ಕಡ್ಡಿ ಗೀರಿದ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಅವಳೂ ತಿರುಗಿ ನೋಡಿದಳು.

ಅವರು ಮೂರು ನಾಲ್ಕು ಸಲ ಎಳೆದರು. ಹೊಗೆ ಚೆನ್ನಾಗಿ ಬರುತ್ತಿತ್ತು. ಅವರ ಮುಖ ಮಾತ್ರ ಏನನ್ನೋ ಹುಡುಕುತ್ತಿರುವಂತೆ ಇತ್ತು. ಮತ್ತೊಮ್ಮೆ ಎಳೆದು, ಬಾಯಲ್ಲೇ ಹಿಡಿದು, ಬಿಟ್ಟರು.

"ರುಚಿ ಇಲ್ಲ," ಎಂದರು.

ಅಪ್ಪ ಗಾಬರಿಯಾಗಿ ಪೈಪನ್ನು ತೆಗೆದುಕೊಂಡು ನೋಡಿದ. ತಂಬಾಕು ಹಳೆಯದಿರಬೇಕು, ಹೊಸ ಮರ, ಎರಡು ದಿನ ಹಾಗೇ ಇರುತ್ತದೆ ಎಂದ. ಮಗಳು ಪಕ್ಕಕ್ಕೆ ಬಂದು ಕೂತು, ಕಿರಣ ಕೊಟ್ಟ ಮೇಲೆ ನಾಲಿಗೆಗೆ ರುಚಿ ಹೋಗುತ್ತದೆ ಮಾವ, ಅದು ತಂಬಾಕಿನದಲ್ಲ ಎಂದು ಮೆಲ್ಲಗೆ ಹೇಳಿದಳು. ಬೋರ್ಡಿನವರು ಕೇಳಿಸಿಕೊಂಡರು. ಇಷ್ಟಕ್ಕೇ ನಾನು ನಿಮ್ಮನ್ನೆಲ್ಲ ಓಡಾಡಿಸಿದೆನಾ ಎಂದು ನಕ್ಕರು. ನಗುವಿಗೆ ಮುಖದ ಒಂದೇ ಪಕ್ಕ ಬಂತು. ಪೈಪನ್ನು ಅಪ್ಪನ ಕೈಯಿಂದ ವಾಪಸು ತೆಗೆದುಕೊಂಡು ಕಲ್ಲಿಗೆ ತಟ್ಟಿ ಖಾಲಿ ಮಾಡಿದರು. ಖಾಲಿ ಪೈಪನ್ನು ಬಲಗಡೆಯ ಹಲ್ಲಿಗೆ ಕಚ್ಚಿಕೊಂಡು, ಬ್ರಷ್ಷಿಗೆ ಕೆಂಪು ತೆಗೆದುಕೊಂಡು, ಬೋರ್ಡಿನ ಮೇಲೆ ಒಂದು ಗೆರೆ ಎಳೆದರು. ಗೆರೆ ನೆಟ್ಟಗೆ ಬಂತು. ಅಪ್ಪ ಮಗಳಿಬ್ಬರೂ ಆ ಅಕ್ಷರ ಮುಗಿಯುವವರೆಗೆ ಕೂತಿದ್ದು ಎದ್ದರು.

ದಾರಿಯಲ್ಲಿ ಬೀಗದ ಅಂಗಡಿ ದಾಟಿದ ಮೇಲೆ ಅಪ್ಪ ಕೇಳಿದ.

"ಆ ರುಚಿ ವಾಪಸು ಬರಲ್ವಾ?"

"ಬರತ್ತೆ. ತಿಂಗಳುಗಟ್ಟಲೆ ಬೇಕು."

ಅಷ್ಟು ಕಾಲ ಎಲ್ಲಿದೆ ಎಂದು ಇಬ್ಬರೂ ಹೇಳಲಿಲ್ಲ.

"ಎಲ್ಲದರದ್ದೂ ಹೋಗಿರತ್ತಾ? ಅನ್ನದ್ದೂ?"

"ಅನ್ನದ್ದೂ."

ಅಪ್ಪ ಫುಟ್‌ಪಾತಿನ ಅಂಚಿನಲ್ಲಿ ನಿಂತ. ಹಿಂದಿನಿಂದ ಬಂದ ಸೈಕಲ್ಲಿನವನು ಬೈದು ಪಕ್ಕಕ್ಕೆ ಹೋದ. ಮಗಳು ಅವನ ತೋಳು ಹಿಡಿದು ರಸ್ತೆ ದಾಟಿಸಿದಳು.

ಮನೆಯಲ್ಲಿ ಅಮ್ಮ ಬಡಿಸಿ ಕಾಯುತ್ತಿದ್ದಳು. ಅಪ್ಪ ಕೈ ತೊಳೆದು ಕೂತ. ಮಗಳು ಮೆಟ್ಟಿಲಿನ ಬಳಿ, ಕಟ್ಟಿಟ್ಟ ಪೆಟ್ಟಿಗೆಯ ಪಕ್ಕದಲ್ಲಿ ಒಂದು ಕ್ಷಣ ನಿಂತಳು, ಆಮೇಲೆ ಬಂದು ಅಜ್ಜಿಯ ಪಕ್ಕದಲ್ಲಿ ಕೂತಳು. ಅಮ್ಮ ಏನೂ ಕೇಳದೆ ಇನ್ನೊಂದು ತಟ್ಟೆ ಇಟ್ಟಳು. ಅಪ್ಪ ಮೊದಲ ತುತ್ತನ್ನು ಬಹಳ ಹೊತ್ತು ಅಗಿದ. ಉಪ್ಪು ಹೆಚ್ಚಾಯಿತಾ ಎಂದು ಅಮ್ಮ ಕೇಳಿದಳು. "ಇಲ್ಲ, ಸರಿಯಾಗಿದೆ," ಅಂದ ಅಪ್ಪ. ಕಣ್ಣು ಒರೆಸಿಕೊಂಡು ಮತ್ತೆ ಹೇಳಿದ: "ಚೆನ್ನಾಗಿದೆ."

ಮರುದಿನ ಮೋಟಾರು ಮತ್ತೆ ತಿರುಗಿತು. ಅರೆಬರೆ ಬಿದ್ದ ಕೆಲಸ ಬಹಳವಿತ್ತು. ಸಂಜೆ ಊಟದ ಹೊತ್ತಿಗೆ ಮತ್ತೆ ಜಗಳವಾಯಿತು. ಇನ್ನು ಮುಂದೆ ಹೊಸದಾಗಿ ಸೇದಲು ಕಲಿಯುವವರಿಗಾದರೂ ಮಾಡಿಕೊಡಬೇಡ ಎಂದಳು ಮಗಳು. ಬಂದವನ ಬಾಯಿ ಬಿಡಿಸಿ ನೋಡಲಾ ಎಂದ ಅಪ್ಪ. ನೋಡು, ನಾನೇ ಬಂದು ಟಾರ್ಚು ಹಿಡಿಯುತ್ತೇನೆ ಎಂದಳು ಅವಳು. ಹಾಗಾದರೆ ನಿನ್ನ ಸಂಬಳದಲ್ಲಿ ನಾಲ್ಕು ಜನರನ್ನು ಸಾಕು ಎಂದ ಅವನು. ಸಾಕುತ್ತೇನೆ, ಕುರ್ಚಿ ಕೆತ್ತು, ಮೇಜು ಕೆತ್ತು ಎಂದಳು. ನನ್ನ ಕೈಗೆ ಬರುವುದು ಇದೊಂದೇ ಎಂದ ಅಪ್ಪ. ಅದನ್ನು ಹೇಳುವಾಗ ಅವನ ದನಿ ಇಳಿದಿತ್ತು. ಮಗಳು ತಟ್ಟೆಯಿಂದ ಕೈ ಎತ್ತಿ ಮತ್ತೇನೋ ಹೇಳಹೊರಟಳು. ಅಮ್ಮ ಕಾಯಲಿಲ್ಲ. ಇಬ್ಬರ ತಟ್ಟೆಗೂ ಇನ್ನೊಂದೊಂದು ಸೌಟು ಬಡಿಸಿದಳು.